ಹೊಂಟೀನಿ, ಹೋಗಬೇಕಂತ ಮಾಡೀನಿ, ಹೋಗ್ತೀನಿ

ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯ ಪಡಸಾಲೆಯಲ್ಲಿ ವಾರಕ್ಕೆ ಮೂರು ಸಂಜೆ ಒಂದಷ್ಟು ಹುಡುಗ ಹುಡುಗಿಯರು ಬಂದು ಕೂಡುತ್ತಾರೆ. ಡಿಗ್ರಿ ಮುಗಿಸಿದವರು, ಮುಗಿಸುತ್ತಿರುವವರು, ಬೆಂಗಳೂರು, ಹೈದರಾಬಾದ್ ಕಡೆ ಕೆಲಸ ಹುಡುಕಬೇಕೆನ್ನುವವರು. ಬಹಳ ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನನಗೆ ಈ ಮಕ್ಕಳ ಜೊತೆ ಕೂಡುವುದೇ ಈಗಿನ ಕೆಲಸ. ಅವರು ಪಡಸಾಲೆಯಲ್ಲಿ ಕೇಳುವ ಒಂದು ಪ್ರಶ್ನೆಯನ್ನು ಈ ಅಂಕಣದ ಓದುಗರೂ ಬಿಡದೆ ಕೇಳುತ್ತ ಬಂದಿದ್ದಾರೆ. ನಾಳೆ ಊರಿಗೆ ಹೋಗುವುದನ್ನು ಇಂಗ್ಲಿಷಿನಲ್ಲಿ ಹೇಳುವಾಗ 'ಐ ವಿಲ್ ಗೋ' ಅನ್ನಬೇಕೋ, 'ಐ ಆಮ್ ಗೋಯಿಂಗ್ ಟು ಗೋ' ಅನ್ನಬೇಕೋ, 'ಐ ಆಮ್ ಗೋಯಿಂಗ್' ಅಂದರೆ ಸಾಕೋ?

ಹೋದ ವಾರ ಒಬ್ಬ ಹುಡುಗಿ ಗೈಡ್ ಪುಸ್ತಕವನ್ನೇ ತಂದು ನನ್ನ ಮುಂದೆ ತೆರೆದಿಟ್ಟಳು. "ಮೇಡಂ, ಮೂರಕ್ಕೂ ಕನ್ನಡದಾಗ 'ನಾನು ಹೋಗುತ್ತೇನೆ' ಅಂತೇ ಬರದಾರ ನೋಡ್ರಿ. ಎಲ್ಲಾ ಒಂದೇ ಇದ್ರ ಮೂರು ಯಾಕ ಕಲೀಬೇಕ್ರಿ?" ಪ್ರಶ್ನೆ ನ್ಯಾಯವಾದದ್ದು. ಪುಸ್ತಕ ಮುಚ್ಚಿಡು ಅಂದೆ. ಅವಳೊಂದಿಗೆ ಬರೀ ಮಾತಿಗೆ ಕೂತೆ.

"ನಾಳಿಗಿ ಕ್ಲಾಸಿಗಿ ಬರಾಕಿ ಇದ್ದಿ ಏನವ್ವಾ?"

"ಇಲ್ರಿ ಮೇಡಂ, ನಾಳಿಗಿ ಕಮಲಾಪುರಕ್ಕ ಹೊಂಟೀನ್ರಿ. ಅಕ್ಕಂದು ಕುಬಸ ಅದ."

"ಈ ಡಿಗ್ರಿ ಮುಗದ ಮ್ಯಾಲ ಏನು?"

"ಬಿ.ಎಡ್. ಮಾಡಬೇಕಂತ ಮಾಡೀನ್ರಿ."

"ಬಸ್ ಎಷ್ಟಕ್ಕ ಅದ?"

"ಏಳಕ್ಕ ಬಿಡ್ತದ್ರಿ."

ಅಷ್ಟರಲ್ಲಿ ಕತ್ತಲಾಗಿತ್ತು. ಲೈಟ್ ಹಾಕಲು ನಾನು ಏಳಬೇಕೆನ್ನುವಾಗ ಮೂಲೆಯಲ್ಲಿದ್ದ ಹುಡುಗ, "ಕೂಡ್ರಿ ಮೇಡಂ, ನಾ ಹಾಕ್ತೀನಿ" ಎಂದು ಎದ್ದ.

ಎರಡು ನಿಮಿಷದಲ್ಲಿ ಇಬ್ಬರು ಮಕ್ಕಳು ನಾಳೆಯನ್ನು, ಮುಂದಿನ ಕ್ಷಣವನ್ನು ನಾಲ್ಕು ಬಗೆಯಲ್ಲಿ ಹೇಳಿದ್ದರು. ಒಂದರ ಜಾಗದಲ್ಲಿ ಇನ್ನೊಂದು ಬಂದಿರಲಿಲ್ಲ. ಲೈಟ್ ಹಾಕಲು ಎದ್ದವನು "ಲೈಟ್ ಹಾಕಬೇಕಂತ ಮಾಡೀನ್ರಿ" ಅನ್ನಲಿಲ್ಲ. ಹಾಗೆ ಅಂದಿದ್ದರೆ ಅವನು ಮಧ್ಯಾಹ್ನದಿಂದ ಅದನ್ನೇ ಯೋಚಿಸುತ್ತ ಕೂತಿದ್ದಾನೆ ಅನ್ನಿಸುತ್ತಿತ್ತು. ಹುಡುಗಿ "ಬಸ್ ಏಳಕ್ಕ ಬಿಡಬೇಕಂತ ಮಾಡ್ಯದ" ಅನ್ನಲಿಲ್ಲ. ಬಸ್ಸಿಗೆ ಸ್ವಂತ ಇಚ್ಛೆ ಎಲ್ಲಿಂದ ಬರಬೇಕು? ಈ ಭೇದವನ್ನು ಅವರಿಗೆ ಯಾರೂ ಕಲಿಸಿಲ್ಲ. ತಾಯಿ, ಅಜ್ಜಿಯರ ಬಾಯಿಂದ ಬಂದದ್ದು. ಇಂಗ್ಲಿಷ್ ಕೇಳುವುದೂ ಬಹಳ ಮಟ್ಟಿಗೆ ಇದೇ ಭೇದವನ್ನು. ಅದಕ್ಕೇ ನನಗೆ ಗೈಡ್ ಪುಸ್ತಕಗಳ ಮೇಲೆ ಸಿಟ್ಟು. ಮಗುವಿನ ಬಾಯಲ್ಲಿ ಇರುವುದನ್ನು ಬಿಡಿಸಿ ತೋರಿಸುವ ಬದಲು, ನಾಲ್ಕನ್ನೂ ಒಂದೇ 'ಹೋಗುತ್ತೇನೆ'ಯಲ್ಲಿ ಮುಳುಗಿಸುತ್ತವೆ.

'ಮಾಡೀನಿ' ಎಂಬ ಮಾತನ್ನೇ ನೋಡಿ. ಗ್ರಾಂಥಿಕದಲ್ಲಿ ಅದು 'ಮಾಡಿದ್ದೇನೆ'. ಬಿ.ಎಡ್. ಇನ್ನೂ ಮುಂದಿದೆ, ಆದರೆ ನಿರ್ಧಾರ ಆಗಿಹೋಗಿದೆ; ಅದಕ್ಕೇ ಆಗಿಹೋದದ್ದನ್ನು ಹೇಳುವ ರೂಪ ಬಂತು. ಇಂಗ್ಲಿಷಿನ 'ಐ ಆಮ್ ಗೋಯಿಂಗ್ ಟು ಡು ಬಿ.ಎಡ್.' ಹೇಳುವುದು ಇದನ್ನೇ. ಮಾತಾಡುವುದಕ್ಕೆ ಮೊದಲೇ ಮನಸ್ಸಿನಲ್ಲಿ ತೀರ್ಮಾನವಾಗಿದೆ, ಈಗ ನಿಮಗೆ ತಿಳಿಸುತ್ತಿದ್ದೇನೆ, ಅಷ್ಟೇ. ಅರ್ಜಿ ಹಾಕಿರಬೇಕೆಂದಿಲ್ಲ, ಫೀಸ್ ಕಟ್ಟಿರಬೇಕೆಂದಿಲ್ಲ.

'ಹೊಂಟೀನಿ' ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಹೊರಟಿದ್ದೇನೆ ಎಂಬುದೇ ಹೊಂಟೀನಿ. ಪಯಣ ನಾಳೆ, ಆದರೂ ಈಗಲೇ ಒಂದು ಕಾಲು ಹೊಸ್ತಿಲಾಚೆ ಇಟ್ಟ ಹಾಗೆ. ಅಕ್ಕನ ಮನೆಗೆ ಫೋನ್ ಹೋಗಿದೆ, ಸೀರೆ ಇಸ್ತ್ರಿಯಾಗಿದೆ, ಅಲ್ಲಿ ಇವಳ ದಾರಿ ಕಾಯುವವರಿದ್ದಾರೆ. ಇಂಗ್ಲಿಷಿನವರು ಇಂಥ ಹೊತ್ತಿನಲ್ಲಿ 'ಐ ಆಮ್ ಗೋಯಿಂಗ್ ಟು ಕಮಲಾಪುರ್ ಟುಮಾರೊ' ಅನ್ನುತ್ತಾರೆ. ಈಗ ನಡೆಯುತ್ತಿರುವ ಕೆಲಸದ ರೂಪವನ್ನು ನಾಳೆಗೆ ಬಳಸುತ್ತಾರೆ. ಯಾಕೆಂದರೆ ಏರ್ಪಾಡು ಈಗಲೇ ನಡೆದಿದೆ. ಬೇರೆಯವರ ಜೊತೆ ಮಾತಾಗಿದ್ದರೆ, ದಿನ ಗೊತ್ತಾಗಿದ್ದರೆ, ಟಿಕೆಟ್ ತೆಗೆದಿದ್ದರೆ ಈ ರೂಪ ತಾನಾಗಿ ಬಾಯಿಗೆ ಬರಬೇಕು.

ಈ ಅಭ್ಯಾಸ ಕನ್ನಡಕ್ಕಷ್ಟೇ ಸೇರಿದ್ದಲ್ಲ. ನಮ್ಮ ಜಿಲ್ಲೆಯ ಉದ್ದಕ್ಕೂ ಕಿವಿಗೊಟ್ಟರೆ ಗೊತ್ತಾಗುತ್ತದೆ. ನಮ್ಮ ಕಾಲೋನಿಯ ತರಕಾರಿ ಗಾಡಿಯ ಭಾಯಿ ದಖನಿಯಲ್ಲಿ "ಕಲ್ ಜಾರೂಂ" ಅನ್ನುತ್ತಾರೆ, ನಾಳೆ ಹೋಗುತ್ತಿದ್ದೇನೆ ಎಂದು. ಆಳಂದದ ಕಡೆಯ ಮರಾಠಿಯವರು "ಉದ್ಯಾ ಜಾತೋಯ್" ಅನ್ನುತ್ತಾರೆ. ಸೇಡಂ ದಾಟಿ ತೆಲಂಗಾಣದ ಗಡಿಗೆ ಹೋದರೆ "ರೇಪು ವೆಳ್ತುನ್ನಾನು". ಎಲ್ಲರೂ ಗಟ್ಟಿಯಾದ ನಾಳೆಯನ್ನು ಇವತ್ತಿನ ರೂಪದಲ್ಲೇ ಹೇಳುವವರು. ಇಷ್ಟು ಭಾಷೆಗಳ ನಡುವೆ ಬೆಳೆದ ಮಗುವಿಗೆ 'ಐ ಆಮ್ ಗೋಯಿಂಗ್ ಟುಮಾರೊ' ವಿಚಿತ್ರವಾಗಿ ಕಾಣುವುದೇಕೆ? ವರ್ತಮಾನ ಕಾಲವೆಂದರೆ ಈಗ ಮಾತ್ರ, ನಾಳೆಗೆ ಭವಿಷ್ಯತ್ ಕಾಲವೇ ಬೇಕು ಎಂದು ಶಾಲೆಯಲ್ಲಿ ಗೆರೆ ಎಳೆದು ಕಲಿಸಿರುವುದರಿಂದ.

ಇನ್ನು 'ವಿಲ್'. "ಕೂಡ್ರಿ, ನಾ ಹಾಕ್ತೀನಿ" ಎಂದ ಹುಡುಗನ ಮಾತೇ ಅದರ ಅಚ್ಚ ಮಾದರಿ: 'ಐ ವಿಲ್ ಡು ಇಟ್'. ಆ ಕ್ಷಣದಲ್ಲಿ ಹುಟ್ಟಿದ ನಿರ್ಧಾರ. ಅದರ ಹಿಂದೆ ಮುಂಚಿನ ಯೋಜನೆಯಿಲ್ಲ. ಮಾತು ಕೊಡುವಾಗಲೂ ವಿಲ್ ಬರುತ್ತದೆ: "ನಿಮ್ಮ ರೊಕ್ಕ ಸೋಮವಾರ ಕೊಡ್ತೀನಿ." ಮುಂದಾಗುವುದನ್ನು ನಮ್ಮ ಅಂದಾಜಿನ ಮೇಲೆ ಹೇಳುವಾಗಲೂ ಬರುತ್ತದೆ: "ಈ ಸಲ ತೊಗರಿಗಿ ರೇಟ್ ಛಲೋ ಬರ್ತದ ಅನಸ್ತದ." ವಿಲ್ ಎಂಬ ಪದದ ಬೇರು ಹಳೆಯ ಇಂಗ್ಲಿಷಿನಲ್ಲಿ 'ಬಯಸು' ಎಂಬ ಅರ್ಥದ ಕ್ರಿಯಾಪದ, 'ಶಲ್' ಎಂಬುದರ ಬೇರು 'ಋಣಿಯಾಗಿರು, ಮಾಡಲೇಬೇಕಾಗಿರು' ಎಂಬುದು. ಅಂದರೆ ಕಾಲವನ್ನು ತೋರಿಸಲೆಂದೇ ಹುಟ್ಟಿದ ಪದಗಳಲ್ಲ. ಒಂದು ಮನಸ್ಸಿನಿಂದ, ಇನ್ನೊಂದು ಕರ್ತವ್ಯದಿಂದ ಬಂದು ನಾಳೆಯ ಕೆಲಸಕ್ಕೆ ನಿಂತಿವೆ.

ಈ ಶಲ್, ವಿಲ್ ಜೋಡಿ ನಮ್ಮ ತಲೆಮಾರಿನವರನ್ನು ಕಾಡಿದಷ್ಟು ಬೇರೇನೂ ಕಾಡಲಿಲ್ಲ. 'ಐ', 'ವಿ' ಬಂದರೆ ಶಲ್, ಉಳಿದವಕ್ಕೆಲ್ಲ ವಿಲ್; ಮಾತು ಕೊಡುವಾಗ, ಗದರಿಸುವಾಗ ಇದು ತಿರುಗುಮುರುಗು. ನಾನು ಹೈಸ್ಕೂಲಿನಲ್ಲಿದ್ದಾಗ ಈ ಕೋಷ್ಟಕವನ್ನು ತಪ್ಪಿ ಅಂಗೈ ಕೆಂಪಾಗಿಸಿಕೊಂಡ ದಿನಗಳು ಇನ್ನೂ ನೆನಪಿವೆ. ಈ ನಿಯಮವನ್ನು ಮೊದಲು ಕಟ್ಟಿಕೊಟ್ಟವನು ಜಾನ್ ವಾಲಿಸ್, 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ. ಅವನು ಮೂಲತಃ ಗಣಿತಜ್ಞ; ಅನಂತವನ್ನು ಸೂಚಿಸಲು ನಾವು ಇಂದಿಗೂ ಬರೆಯುವ, ಮಲಗಿಸಿದ ಎಂಟರಂಥ ಚಿಹ್ನೆಯನ್ನು ತಂದವನೂ ಅವನೇ. ಗಣಿತದವನ ಅಚ್ಚುಕಟ್ಟು ಈ ನಿಯಮಕ್ಕೂ ಬಂದಿದೆ. ಆದರೆ ಜನ ಹಾಗೆ ಮಾತಾಡಲಿಲ್ಲ. 1930ರ ದಶಕದಿಂದ ಭಾರತದ ಶಾಲೆಗಳನ್ನು ಆಳಿದ ರೆನ್ ಅಂಡ್ ಮಾರ್ಟಿನ್ ವ್ಯಾಕರಣದ ಮೂಲಕ ನಿಯಮ ನಮ್ಮಲ್ಲಿ ಗಟ್ಟಿಯಾಯಿತು. ಈಗ ಯಾರಾದರೂ ಅದನ್ನು ನಿಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರೆ, ಬೇಡವೆನ್ನಿ. 'ಶಲ್ ಐ ಓಪನ್ ದ ವಿಂಡೋ?' ಎಂದು ನೆರವಿಗೆ ಮುಂದಾಗಿ ಕೇಳುವಾಗ, 'ಶಲ್ ವಿ ಗೋ?' ಎಂದು ಜೊತೆಗೆ ಕರೆಯುವಾಗ ಶಲ್ ಬಂದರೆ ಸಾಕು. ಉಳಿದ ಕಡೆ ಆಡುಮಾತಿನಲ್ಲಿ ಎರಡೂ ಸವೆದು 'ಐಲ್' ಎಂದೇ ಕೇಳಿಸುತ್ತವೆ.

ಇನ್ನೊಂದು ಸಂಗತಿ ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯತ್ ಕಾಲದ ಪ್ರತ್ಯಯವೇ ಇಲ್ಲ. 'ವಾಕ್' ಇದೆ, 'ವಾಕ್ಡ್' ಇದೆ, ಮುಂದಿನದಕ್ಕೆ ಮೂರನೆಯ ರೂಪವಿಲ್ಲ. ಅದಕ್ಕೇ ರ‍್ಯಾಂಡಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1985ರ ದೊಡ್ಡ ವ್ಯಾಕರಣ ಇಂಗ್ಲಿಷಿಗೆ ಭವಿಷ್ಯತ್ ಕಾಲವೆಂಬ ರೂಪವಿಲ್ಲ, ಮುಂದಿನದನ್ನು ಹೇಳುವ ಹಲವು ದಾರಿಗಳಿವೆ ಎಂದು ಹೇಳುತ್ತದೆ. ಕನ್ನಡದ ಕಥೆ ಬೇರೆ. ಕೇಶಿರಾಜ 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಭೂತಕ್ಕೆ 'ದ', ಭವಿಷ್ಯತ್ತಿಗೆ 'ವ', ವರ್ತಮಾನಕ್ಕೆ 'ದಪ' ಎಂದು ಮೂರಕ್ಕೂ ಬೇರೆ ಬೇರೆ ಪ್ರತ್ಯಯ ಹೇಳಿದ್ದಾನೆ. ಆ 'ವ' ಹೊಸಗನ್ನಡದ ಪುಸ್ತಕಗಳಲ್ಲಿ 'ಹೋಗುವೆನು' ಆಗಿ ಉಳಿದಿದೆ. ಕಲಬುರಗಿಯ ಬೀದಿಯಲ್ಲಿ 'ಹೋಗುವೆನು' ಅನ್ನುವವರು ಸಿಗುವುದಿಲ್ಲ. ಆದರೆ "ನಾಳಿಗಿ ಹೋಗಾಂವ ಇದ್ದೀನಿ", "ಹೋಗಾಕಿ ಇದ್ದೀನಿ" ಅನ್ನುವವರು ಮನೆಮನೆಯಲ್ಲಿದ್ದಾರೆ. ಹೋಗುವವನು, ಹೋಗುವವಳು ಎಂಬವೇ ಸವೆದು ಹೀಗಾಗಿವೆ. ಕೇಶಿರಾಜನ ಭವಿಷ್ಯತ್ತು ಅದರೊಳಗೆ ಇನ್ನೂ ಉಸಿರಾಡುತ್ತಿದೆ.

ಈ 'ಬರಾವ್ರು ಇದ್ದೀರಿ' ಎಂಬ ರೂಪದಲ್ಲಿ ಒಂದು ಮರ್ಯಾದೆಯೂ ಉಂಟು. ಹಿರಿಯರನ್ನು "ನಾಳಿಗಿ ಬರ್ತೀರೇನ್ರಿ?" ಎಂದು ಕೇಳಿದರೆ ಬನ್ನಿ ಎಂದು ಒತ್ತಾಯಿಸಿದಂತೆ ಕೇಳಿಸಬಹುದು. "ಬರಾವ್ರು ಇದ್ದೀರೇನ್ರಿ?" ಅಂದರೆ ಅವರ ವಿಚಾರ ಏನಿದೆ ಎಂದಷ್ಟೇ ಕೇಳಿದ ಹಾಗೆ. ಇಂಗ್ಲಿಷಿನಲ್ಲಿ 'ವಿಲ್ ಯು ಕಮ್?' ಮತ್ತು 'ವಿಲ್ ಯು ಬಿ ಕಮಿಂಗ್?' ನಡುವೆ ಇರುವುದು ಇದೇ ಅಂತರ. ಈ ಎರಡನೆಯದನ್ನು ನಮ್ಮವರು ಎಲ್ಲೆಂದರಲ್ಲಿ ಬಳಸುತ್ತಾರೆ. ಕೇಳುವಾಗ ಬಳಸಿದರೆ ಚೆಂದ, ತಮ್ಮ ಬಗ್ಗೆ ಹೇಳುವ ಪ್ರತಿ ವಾಕ್ಯದಲ್ಲೂ ಬೇಕಿಲ್ಲ.

ಗೋಯಿಂಗ್ ಟು ಎಂಬುದಕ್ಕೆ ಇನ್ನೊಂದು ಕೆಲಸವಿದೆ. ಅದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಜೂನ್ ತಿಂಗಳಲ್ಲಿ ಕಮಲಾಪುರದ ಕಡೆ ಹೊಲದ ಬದುವಿನ ಮೇಲೆ ನಿಂತವನು ಪಡುವಣ ದಿಕ್ಕಿನಲ್ಲಿ ಕಪ್ಪು ಮೋಡ ಕಂಡು "ಮಳಿ ಬರಂಗದ" ಅನ್ನುತ್ತಾನೆ. ಬರುವ ಹಾಗಿದೆ ಎಂದು. ಕಣ್ಣೆದುರು ಗುರುತಿದೆ, ಗಾಳಿಯಲ್ಲಿ ತಂಪಿದೆ. 'ಇಟ್ ಈಸ್ ಗೋಯಿಂಗ್ ಟು ರೈನ್' ಅಂದರೆ ಇದು. ಅದೇ ರೈತ ಯುಗಾದಿಯ ದಿನ ಪಂಚಾಂಗ ಕೇಳಿ "ಈ ವರ್ಷ ಮಳಿ ಛಲೋ ಆಗ್ತದ" ಎಂದರೆ ಅದು ನಂಬಿಕೆ, ಅಂದಾಜು. ಅಲ್ಲಿ 'ಇಟ್ ವಿಲ್ ರೈನ್ ವೆಲ್'. ಕೈಗೆ ಸಿಗುವ ಗುರುತು ಇದೆಯೋ ಇಲ್ಲವೋ ಎಂಬುದೇ ಇಲ್ಲಿ ವ್ಯತ್ಯಾಸ. ಗುರುತೂ ಇಲ್ಲ, ಭರವಸೆಯೂ ಅರ್ಧ ಎಂದಾಗ ಕನ್ನಡದಲ್ಲಿ 'ಬಂದಾನು', 'ಆದೀತು' ಎಂಬ ಚೆಲುವಾದ ರೂಪವೇ ಬೇರೆ ಇದೆ. ಇಂಗ್ಲಿಷಿಗೆ ಅದು ಇಲ್ಲ. 'ಹಿ ಮೈಟ್ ಕಮ್' ಎಂದು ಸಹಾಯಕ ಪದ ಹಾಕಿ ಹೇಳಬೇಕು.

ಮನೆಮಾತು ಎಲ್ಲ ಕಡೆ ಕೈಹಿಡಿಯುತ್ತದೆ ಎಂದು ನಾನು ಹೇಳಲಾರೆ. 'ಹೋಗ್ತೀನಿ' ಎಂಬ ಒಂದೇ ರೂಪ ನಮ್ಮಲ್ಲಿ ದಿನದ ರೂಢಿಗೂ ಬರುತ್ತದೆ, ನಾಳೆಗೂ ಬರುತ್ತದೆ. "ದಿನಾ ಗುಡಿಗಿ ಹೋಗ್ತೀನಿ", "ನಾಳಿಗಿ ಗುಡಿಗಿ ಹೋಗ್ತೀನಿ." ಅದನ್ನೇ ಹಿಡಿದು ಮಕ್ಕಳು 'ಟುಮಾರೊ ಐ ಗೋ ಟು ಟೆಂಪಲ್' ಅಂದುಬಿಡುತ್ತಾರೆ. ಇದು ತಪ್ಪು. ಇಂಗ್ಲಿಷಿನಲ್ಲಿ ಈ ಬರಿಯ ವರ್ತಮಾನ ರೂಪ ನಾಳೆಗೆ ಸಲ್ಲುವುದು ಮುಖ್ಯವಾಗಿ ವೇಳಾಪಟ್ಟಿಗೆ: ಬಸ್, ರೈಲು, ಪರೀಕ್ಷೆ, ಸಿನಿಮಾ ಷೋ. 'ದ ಬಸ್ ಲೀವ್ಸ್ ಅಟ್ ಸೆವೆನ್' ಸರಿ, ಯಾಕೆಂದರೆ ಅದು ನಿಮ್ಮ ಇಚ್ಛೆಗೆ ಸೇರಿದ್ದಲ್ಲ, ಬೋರ್ಡಿನ ಮೇಲೆ ಬರೆದದ್ದು. ನೀವು ಗುಡಿಗೆ ಹೋಗುವುದು ಬೋರ್ಡಿನ ಮೇಲಿಲ್ಲ.

ಆದರೆ ಇನ್ನೊಂದು ತಪ್ಪನ್ನು ಮಾಡಿಸುವುದು ಕನ್ನಡವಲ್ಲ, ಅರ್ಧ ಕಲಿತ ನಿಯಮ. 'ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಯು' ಎಂದು ಪದವೀಧರರೂ ಹೇಳುತ್ತಾರೆ. ಮುಂದಿನ ಸಂಗತಿ, ಆದ್ದರಿಂದ ಎರಡು ಕಡೆಯೂ ವಿಲ್ ಎಂಬ ಲೆಕ್ಕ. ನೀವು ಮನೆಯಲ್ಲಿ ಹೇಗೆ ಹೇಳುತ್ತೀರಿ? "ಅಂವ ಬಂದ ಮ್ಯಾಲ ಹೇಳ್ತೀನಿ", "ಅಂವ ಬಂದ್ರ ಹೇಳ್ತೀನಿ." 'ಬಂದ' ಎನ್ನುವುದರಲ್ಲಿ ಭವಿಷ್ಯತ್ತಿನ ಗುರುತೇ ಇಲ್ಲ. ಮುಖ್ಯ ವಾಕ್ಯದಲ್ಲಿ ಒಂದು ಸಲ ಬಂದರೆ ಸಾಕೆಂದು ಕನ್ನಡಕ್ಕೂ ಗೊತ್ತು, ಇಂಗ್ಲಿಷಿಗೂ ಗೊತ್ತು: 'ಐ ವಿಲ್ ಟೆಲ್ ಯು ವೆನ್ ಹಿ ಕಮ್ಸ್'.

ಇದೆಲ್ಲ ಬರೀ ಅಂಕದ ಪ್ರಶ್ನೆಯಲ್ಲ. ಹೋದ ವರ್ಷ ನಮ್ಮ ಪಡಸಾಲೆಯ ಹುಡುಗನೊಬ್ಬ ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿಬಂದ. ಮುಂದೇನು ಓದುವ ವಿಚಾರವಿದೆ ಎಂದು ಕೇಳಿದರಂತೆ. ಇವನು 'ಐ ವಿಲ್ ಡು ಎಂಬಿಎ' ಅಂದ. ಅವರು ಮುಂದಿನ ಪ್ರಶ್ನೆಗೆ ಹೋದರು. "ಅವ್ರು ನಂಬಲಿಲ್ಲ ಅನಸ್ತದ್ರಿ ಮೇಡಂ" ಎಂದು ಸಪ್ಪೆ ಮುಖ ಮಾಡಿ ಕೂತ. ಯಾಕಪ್ಪಾ, ನಿಜವಾಗಿ ಏನು ಮಾಡಿದ್ದೀ ಎಂದು ಕೇಳಿದೆ. "ಫೀಸ್ ತುಂಬೀನ್ರಿ. ಜುಲೈದಾಗ ಕ್ಲಾಸ್ ಶುರು ಆಗ್ತಾವ." ಅವನು ಹೇಳಬೇಕಾಗಿದ್ದದ್ದು 'ಐ ಆಮ್ ಸ್ಟಾರ್ಟಿಂಗ್ ಎನ್ ಎಂಬಿಎ ಇನ್ ಜುಲೈ'. ಅವನ ಇಂಗ್ಲಿಷಿನಲ್ಲಿ ಯಾರೂ ತಪ್ಪು ಹುಡುಕಲಾರರು. ವಿಲ್ ಅಂದರೂ ಅರ್ಥವಾಗುತ್ತದೆ. ಆದರೆ ಫೀಸ್ ತುಂಬಿದ ಯೋಜನೆ, ಆ ಕುರ್ಚಿಯಲ್ಲಿ ಕೂತಾಗ ಹೊಳೆದ ಮಾತಿನ ಹಾಗೆ ಕೇಳಿಸಿತು. ಅವನ ಕನ್ನಡದಲ್ಲಿದ್ದ ಗಟ್ಟಿತನ ದಾರಿಯಲ್ಲಿ ಉದುರಿಹೋಯಿತು.

ಅದು ಉದುರಿದ್ದು ಎಲ್ಲಿ ಎಂದು ನಾನು ಬಹಳ ಯೋಚಿಸಿದ್ದೇನೆ. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ನಮ್ಮ ತಂದೆಯ ತಲೆಮಾರಿನವರು ಶಾಲೆಯಲ್ಲಿ ಉರ್ದು ಓದಿದರು, ಮನೆಯಲ್ಲಿ ಕನ್ನಡ ಆಡಿದರು. ಆಮೇಲೆ ಕನ್ನಡ ಶಾಲೆ ಬಂತು, ಆದರೆ ಪುಸ್ತಕದ ಕನ್ನಡ ನಮ್ಮ ಬಾಯಿಯ ಕನ್ನಡವಾಗಿರಲಿಲ್ಲ. 'ಹೊಂಟೀನಿ' ಎಂದು ಬರೆದರೆ ಕೆಂಪು ಗೆರೆ ಬೀಳುತ್ತಿತ್ತು. ಹೀಗಾಗಿ ನಮ್ಮ ಮಗು ಇಂಗ್ಲಿಷ್ ಕಲಿಯುವಾಗ ಎರಡು ಹೊಳೆ ದಾಟುತ್ತದೆ. 'ಹೊಂಟೀನಿ'ಯನ್ನು ಮೊದಲು 'ಹೋಗುತ್ತೇನೆ' ಮಾಡಿಕೊಳ್ಳುತ್ತದೆ, ಆಮೇಲೆ ಅದನ್ನು 'ಐ ವಿಲ್ ಗೋ' ಮಾಡುತ್ತದೆ. ಮೊದಲ ಹೊಳೆಯಲ್ಲೇ ಅರ್ಧ ಅರ್ಥ ಕೊಚ್ಚಿಹೋಗಿರುತ್ತದೆ. ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ ಕವಿರಾಜಮಾರ್ಗ 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿತು. ಅವರ ರಾಜಧಾನಿ ಮಾನ್ಯಖೇಟವೇ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಸೀಮೆ ಸೀಮೆಗೂ ಕನ್ನಡ ಬೇರೆ ಬೇರೆ ಎಂದು ಆ ಗ್ರಂಥವೇ ಒಪ್ಪಿಕೊಂಡಿದೆ. ಅದೇ ನೆಲದ ಮಕ್ಕಳಿಗೆ ನಿಮ್ಮ ಮಾತು ಅಶುದ್ಧ ಎಂದು ಹೇಳುವುದನ್ನು ನಾನು ಯಾವತ್ತೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಪಡಸಾಲೆಯಲ್ಲಿ ಈ ಪಾಠ ಮಾಡುವಾಗ ನಾನು ಕೊನೆಗೆ ಹೇಳುವುದು ರೈಲಿನ ಕಥೆ. ನನ್ನ ತವರು ಕಮಲಾಪುರದ ಕಡೆ. ಬೀದರ್‌ನಿಂದ ಹುಮನಾಬಾದ್, ಕಮಲಾಪುರದ ಮೇಲೆ ಹಾದು ಕಲಬುರಗಿಗೆ ರೈಲು ಬರುತ್ತದೆಂಬ ಮಾತು ನಮ್ಮ ಹಿರಿಯರ ಕಾಲದ್ದು. ಆಗ ಅವರು "ರೈಲು ಬಂದೀತು" ಅನ್ನುತ್ತಿದ್ದರು. ಮಂಜೂರಾತಿ ಸಿಕ್ಕಾಗ "ರೈಲು ತರಬೇಕಂತ ಮಾಡ್ಯಾರ" ಎಂದಾಯಿತು. ಗುಡ್ಡ ಕೊರೆದು ಸುರಂಗ ತೋಡಿ, ಮಣ್ಣು ಹಾಕಿ, ಹಳಿ ಬಂದು ಬಿದ್ದಾಗ "ರೈಲು ಬರಂಗದ." ದಿನ ಗೊತ್ತಾದಾಗ ಬಸ್ ಸ್ಟ್ಯಾಂಡಿನಲ್ಲಿ "ಮುಂದಿನ ಐತ್ವಾರ ರೈಲು ಶುರು ಆಗಲಕತ್ತದ" ಎಂಬ ಮಾತು. ಸುಮಾರು 110 ಕಿಲೋಮೀಟರ್ ದಾರಿ, ಎರಡು ದಶಕಗಳ ಕೆಲಸ. 2017ರ ಅಕ್ಟೋಬರ್ 29ರಂದು ಮಾರ್ಗ ಉದ್ಘಾಟನೆಯಾಯಿತು. ಮೈಟ್ ಕಮ್, ಆರ್ ಗೋಯಿಂಗ್ ಟು ಬ್ರಿಂಗ್, ಈಸ್ ಗೋಯಿಂಗ್ ಟು ಕಮ್, ಈಸ್ ಸ್ಟಾರ್ಟಿಂಗ್ ಎಂಬ ಎಲ್ಲ ಮೆಟ್ಟಿಲನ್ನೂ ಆ ಒಂದು ರೈಲು ನಮ್ಮ ಜನರ ಬಾಯಲ್ಲಿ ಹತ್ತಿಬಂದಿದೆ. ಕುಬಸಕ್ಕೆ ಹೋದ ಹುಡುಗಿ ವಾಪಸು ಬಂದಾಗ ಡಬ್ಬಿಯಲ್ಲಿ ಹೋಳಿಗೆಯನ್ನೂ ಒಂದು ಚಿಪ್ಪು ಕಮಲಾಪುರದ ಕೆಂಪು ಬಾಳೆಯನ್ನೂ ತಂದಿದ್ದಳು. ಈ ಕಥೆ ಕೇಳಿ, "ಹಂಗಂದ್ರ ಈಗ 'ದ ಟ್ರೇನ್ ಲೀವ್ಸ್' ಅನಬೇಕಲ್ರಿ ಮೇಡಂ" ಅಂದಳು.

ಓದುಗರಲ್ಲಿ ಒಂದು ಕೋರಿಕೆ. ಇವತ್ತು ರಾತ್ರಿ ಮನೆಯಲ್ಲಿ ನಾಳೆಯ ಬಗ್ಗೆ ನೀವೋ, ನಿಮ್ಮ ತಾಯಿಯೋ, ಮಕ್ಕಳೋ ಆಡಿದ ಐದು ಮಾತುಗಳನ್ನು ಆಡಿದ ಹಾಗೇ, ಒಂದಕ್ಷರ ತಿದ್ದದೆ ಬರೆದುಕೊಳ್ಳಿ. ಪಕ್ಕದಲ್ಲಿ ನೇರವಾಗಿ ಇಂಗ್ಲಿಷ್ ಬರೆಯಿರಿ, ನಡುವೆ ಪುಸ್ತಕದ ಕನ್ನಡ ಬರದಿರಲಿ. ಅನುಮಾನ ಬಂದ ಕಡೆ ಗುರುತು ಹಾಕಿ ಅಂಕಣಕ್ಕೆ ಕಳಿಸಿ. ಬಂದ ಪ್ರತಿಯೊಂದನ್ನೂ ನಾನು ಓದುತ್ತೇನೆ.